ಅರಳೆಯ ಊರಿಗೆ ಹೋಗುವ ರಸ್ತೆ

ಶಿಕಾರಿಪುರದ ನಮ್ಮ ಮನೆಯ ಪಡಸಾಲೆಗೆ ಎರಡು ಬಗೆಯ ಬೆಳಕು ಬರುತ್ತಿತ್ತು. ಬೀದಿ ಕಡೆಯ ಸರಳಿನ ಕಿಟಕಿಯಿಂದ ಇಳಿಯುವ ಬಿಸಿಲು ಒಂದು; ಅದು ಗಾಳಿಯಲ್ಲಿ ಸದಾ ತೇಲುತ್ತಿದ್ದ ಅರಳೆಯ ನವಿರಿಗೆ ತೊಡರಿಕೊಂಡು, ನೆಲ ಮುಟ್ಟಲು ತುಸು ತಡಮಾಡುತ್ತಿತ್ತು. ಮೂಲೆಯ ಸ್ಟೂಲಿನ ಮೇಲಿದ್ದ ಕಪ್ಪು-ಬಿಳುಪು ಟಿವಿಯ ಬೂದು ಬೆಳಕು ಇನ್ನೊಂದು. ಈ ಎರಡೂ ಸೇರುವ ಜಾಗದಲ್ಲಿ, ಅರ್ಧ ತುಂಬಿದ ಗಾದಿಯೊಂದರ ಮೇಲೆ ಕಾಲು ಮಡಿಸಿ ಕೂತು, ನಾನು ನನ್ನ ಬದುಕಿನ ಮೊದಲ ರಸ್ತೆಯನ್ನು ನೋಡಿದೆ. ಅದು ಪರದೆಯ ಬುಡದಲ್ಲಿ ಅಗಲವಾಗಿ ಹುಟ್ಟಿ, ಮೇಲೆ ಹೋದಂತೆ ಸಣ್ಣಗಾಗಿ, ಕೊನೆಗೆ ದಬ್ಬಣದ ಮೊನೆಯಷ್ಟಾಗಿ ಆಕಾಶಕ್ಕೆ ಚುಚ್ಚಿಕೊಂಡಿರುತ್ತಿತ್ತು. ಈಗಲೂ ನಿದ್ದೆ ಹತ್ತುವ ಮುನ್ನ ಕಣ್ಣೊಳಗೆ ಹಾಯುವುದು ಆ ರಸ್ತೆಯೇ. ಆಮೇಲೆ ನಾನು ಓಡಾಡಿದ ನಿಜವಾದ ರಸ್ತೆಗಳು, ಚಂದ್ರಗುತ್ತಿಯ ಕಡೆಗೆ ಏರುವವು, ಅಂಜನಾಪುರದ ಕಾಲುವೆಯ ಪಕ್ಕ ಹೋಗುವವು, ಎಲ್ಲವೂ ನನಗೆ ಅದರ ನಕಲುಗಳಂತೆ ತೋರುತ್ತವೆ.

ನಮ್ಮದು ಅರಳೆ ಹಿಂಜಿ ಗಾದಿ, ದಿಂಬು ಮಾಡುವ ಪಿಂಜಾರರ ಮನೆ. ಅಜ್ಜನ ಕಾಲದ ಹಿಂಜುವ ಬಿಲ್ಲು ಗೋಡೆಗೆ ಒರಗಿತ್ತು. ಕೆಲಸ ಮಾತ್ರ ಹಿತ್ತಲ ಕೊಟ್ಟಿಗೆಯಲ್ಲಿದ್ದ ಕರೆಂಟಿನ ಮಶೀನಿನದು. ಅಪ್ಪ ಮಶೀನು ನಡೆಸುತ್ತಿದ್ದ, ಸೈಕಲ್ಲಿಗೆ ಗಾದಿ ಕಟ್ಟಿಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದ. ಹಳೆಯ ಗಾದಿಗಳ ಹೊಲಿಗೆ ಬಿಚ್ಚುವುದು, ಗಂಟುಕಟ್ಟಿದ ಅರಳೆಯನ್ನು ಕೋಲಿನಿಂದ ಬಡಿದು ಬಿಸಿಲಿಗೆ ಹರಡುವುದು, ಹಿಂಜಿದ ಮೇಲೆ ಗವುಸಿಗೆ ತುಂಬುವುದು, ದಬ್ಬಣದಲ್ಲಿ ಹೊಲಿದು ಅಲ್ಲಲ್ಲಿ ದಾರ ಎಳೆದು ಬಿಗಿಯುವುದು, ಇಷ್ಟೂ ಅವ್ವನ ಕೆಲಸ. ಆದರೂ ಊರಿನ ಬಾಯಲ್ಲಿ ಅಪ್ಪ ಗಾದಿ ಮಾಡುವವನು, ಅವ್ವ ಮನೆಯಲ್ಲಿರುವವಳು. ಬಾಗಿಲ ಮೇಲಿನ ಬೋರ್ಡಿನಲ್ಲಿ ಅಪ್ಪನ ಹೆಸರಿತ್ತು, ಅದರ ಮುಂದೆ ‘ಮತ್ತು ಮಗ’ ಎಂದಿತ್ತು. ಆ ಮಗನಾದ ನನ್ನ ಅಣ್ಣ ಇಮಾಮನಿಗೆ ಆಗ ದಬ್ಬಣಕ್ಕೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಇದನ್ನು ಅನ್ಯಾಯವೆಂದೇ ಬರೆಯುತ್ತೇನೆ. ನವಿರು ಕುಡಿದು ಕುಡಿದು ಅವ್ವನಿಗೆ ಹತ್ತಿದ ಕೆಮ್ಮನ್ನು ‘ಥಂಡಿ’ ಎಂದು ಕರೆದದ್ದು ಇನ್ನೊಂದು ಅನ್ಯಾಯ. ಅವಳು ಎಲ್ಲರೂ ಉಂಡ ಮೇಲೆ, ಪಾತ್ರೆಯ ತಳದ ಸಾರಿಗೆ ನೀರು ಬೆರೆಸಿ ಉಣ್ಣುತ್ತಿದ್ದುದು ಮೂರನೆಯದು. ಆ ತೆಳ್ಳನೆಯ ಸಾರನ್ನು ಅಜ್ಜಿ ‘ಹೆಂಗಸರ ಸಾರು’ ಎಂದು ನಗುತ್ತಲೇ ಕರೆಯುತ್ತಿದ್ದಳು, ಏಕೆಂದರೆ ತನ್ನ ಕಾಲದಲ್ಲಿ ಅವಳೂ ಅದನ್ನೇ ಉಂಡವಳು.

ಅವ್ವನದೊಂದು ಪದ್ಧತಿಯಿತ್ತು. ಗಾದಿ ಮುಗಿದಾಗ, ಕೊನೆಯ ಮೂಲೆಯ ಒಳಮಗ್ಗುಲಿಗೆ, ಒಂದರ ಪಕ್ಕ ಒಂದು, ಒಂದೇ ಅಳತೆಯ ಮೂರು ಗಂಟು ಹಾಕುವಳು. ಮನೆಮನೆಯ ಪಿಂಜಾರರಿಗೂ ಹೀಗೆ ಒಂದೊಂದು ಗಂಟಿನ ಗುರುತಿರುತ್ತದೆ. ಏಳೆಂಟು ವರ್ಷಕ್ಕೆ ಗಾದಿ ಗಟ್ಟಿಯಾಗಿ ಮತ್ತೆ ಹಿಂಜಲು ಬಂದಾಗ, ಮೂಲೆ ತಡವಿ ನೋಡಿದರೆ ಅದು ಯಾರ ಕೈಯಲ್ಲಿ ಆದದ್ದೆಂದು ತಿಳಿಯುತ್ತದೆ. ಅವ್ವ ಬಂದ ಗಾದಿಯ ಮೂಲೆಯನ್ನು ಕಣ್ಣು ಮುಚ್ಚಿ ಹಿಸುಕಿ, “ಇದು ನಂದು” ಎನ್ನುತ್ತಿದ್ದಳು. ಆಗ ಅವಳ ಮುಖದಲ್ಲಿ ಮೂಡುತ್ತಿದ್ದುದನ್ನು ನಾನು ಆ ದಿನಗಳಲ್ಲಿ ನೋಡಿದ್ದೆ, ಓದಿರಲಿಲ್ಲ.

ವಿಡಿಯೊ ಗೇಮು ಬಂದದ್ದು ಸೊರಬದಿಂದ. ಅವ್ವನ ತಮ್ಮ ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ, ಟೇಪು ರಿಪೇರಿ ಮಾಡುತ್ತಿದ್ದ. ಯಾರೋ ಬೇಡವೆಂದು ಬಿಟ್ಟುಹೋದ ಡಬ್ಬಿಯನ್ನು ಬಿಚ್ಚಿ, ಬೆಸುಗೆ ಹಾಕಿ, ಒಂದು ಚೀಲದಲ್ಲಿ ಅಪ್ಪಿಕೊಂಡು ಬಂದ. ಬಿಳಿ ಪ್ಲಾಸ್ಟಿಕ್ಕಿನ ಡಬ್ಬಿ, ಅದಕ್ಕೆ ಕೆಂಪು ದೀಪ, ಎರಡು ರಿಮೋಟು, ಅದರಲ್ಲಿ ಒಂದು ಸತ್ತದ್ದು, ನೆತ್ತಿಯ ಮೇಲೆ ಚುಚ್ಚಲು ಒಂದೇ ಒಂದು ಕ್ಯಾಸೆಟ್ಟು. ಆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಕಾರಿನ ಆಟ.

“ತಗಳ್ಳಾ ಇಮಾಮ, ನಿಂಗೇ ಅಂತ ತಂದದ್ದು,” ಎಂದ ಮಾವ.

“ನಂಗೆ ಎಂತ ತಂದ್ಯೋ ಮಾವ?” ಎಂದೆ ನಾನು, ಅವನ ಸೊರಬದ ಮಾತನ್ನೇ ಅಣಕಿಸುತ್ತ.

“ನಿಂಗೆ ಬಳೆ ಅದೆ ಮಾರಾಯ್ತಿ, ಹಸಿರು ಬಳೆ. ಕಾರು ಬಿಟ್ಕಂಡು ನೀ ಎಲ್ಲಿಗೆ ಹೋಗ್ಬೇಕು?”

ಅಜ್ಜಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

“ಅವ್ನು ತಾನೇ ಎಲ್ಲಿಗ್ ಹೋಗ್ತಾನ್ಲೇ? ಕೆರೆ ಏರಿ ದಾಟಿದ್ರೆ ಅಳ್ತಾನೆ.”

ಎಲ್ಲರೂ ನಕ್ಕರು. ಬಳೆಯನ್ನು ನಾನು ತೊಟ್ಟೆ, ಅದು ಚಂದವಿತ್ತು. ಆದರೆ ಚಂದದ ಬಳೆಯಿಂದ ಹುಡುಗಿಯೊಬ್ಬಳ ಬಾಯಿ ಮುಚ್ಚಿಸುವುದು ಎಷ್ಟು ಹಳೆಯ ಉಪಾಯವೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಆ ಆಟದ ರಸ್ತೆ ನನಗೆ ಇಂದಿಗೂ ಬಾಯಿಪಾಠ. ಮೊದಲು ಒಂದು ಊರು, ಎತ್ತರದ ಮನೆಗಳು. ಆಮೇಲೆ ಸಮುದ್ರದ ಪಕ್ಕ ತಾಳೆಮರಗಳ ಸಾಲು. ಆಮೇಲೆ ಸೇತುವೆ, ಅದು ಮುಗಿಯುವಲ್ಲಿ ಎದುರಿಗೆ ತಟಕ್ಕನೆ ಬರುವ ಲಾರಿ. ಆಮೇಲೆ ಗುಡ್ಡ, ಇಳಿಹೊತ್ತು, ಒಂದು ಸುರಂಗ. ಪರದೆಯ ಮೂಲೆಯಲ್ಲಿ ಪೆಟ್ರೋಲಿನ ಗೆರೆ ಕರಗುತ್ತ ಹೋಗುತ್ತಿತ್ತು. ಯಾವುದಕ್ಕಾದರೂ ಬಡಿದರೆ ಅದು ಒಮ್ಮೆಲೇ ಇಳಿಯುತ್ತಿತ್ತು. ಪೆಟ್ರೋಲು ಮುಗಿದಲ್ಲಿಗೆ ಪ್ರಯಾಣ ಮುಗಿಯಿತು. ಟಿವಿ ಕಪ್ಪು-ಬಿಳುಪಿನದಾದ್ದರಿಂದ ಸಮುದ್ರವೂ ಬೂದು, ಸಂಜೆಯೂ ಬೂದು. ಬಣ್ಣಗಳನ್ನು ನಾವೇ ಹಾಕಿಕೊಳ್ಳಬೇಕಿತ್ತು. ಕಾರು ಕೆಂಪೆಂದು ಅಣ್ಣ, ನೀಲಿಯೆಂದು ನಾನು. ಇದಕ್ಕಾಗಿ ಒಮ್ಮೆ ಜಡೆ ಜಗ್ಗಾಟವೂ ಆಯಿತು. ಹಿತ್ತಲಲ್ಲಿ ಹಿಂಜುವ ಮಶೀನು ಶುರುವಾದರೆ ವೋಲ್ಟೇಜು ಕುಸಿದು ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಆಗ ರಸ್ತೆ ಒಂದು ಬೆಂಕಿಪೊಟ್ಟಣದಷ್ಟಾಗಿ, ಕಾರು ಇರುವೆಯಂತಾಗಿ, ಕತ್ತಲೆಯ ನಡುವೆ ಮಿನುಗುತ್ತ, ಅಂಥ ಪುಟ್ಟ ಲೋಕದಲ್ಲೂ ಬಿಡದೆ ಓಡುತ್ತಿತ್ತು. ಕೊಟ್ಟಿಗೆಯ ಗುಡುಗುಡು ಸದ್ದು ಆ ಇರುವೆಯ ಎಂಜಿನ್ನಿನದೇ ಎಂದು ನಾನು ನಂಬಿಕೊಳ್ಳುತ್ತಿದ್ದೆ.

ನಾನು ಹೋಗುತ್ತಿದ್ದುದು ನಾಲ್ಕಾರು ಯುವ ಶಿಕ್ಷಕರು ಕೂಡಿ ನಡೆಸುತ್ತಿದ್ದ ಒಂದು ಸಣ್ಣ ಶಾಲೆಗೆ. ಅಲ್ಲಿ ಬೆಂಚುಗಳಿರಲಿಲ್ಲ, ಸುತ್ತಲೂ ವೃತ್ತವಾಗಿ ಕೂರುತ್ತಿದ್ದೆವು. ಶುಕ್ರವಾರ ಮಕ್ಕಳ ಸಭೆ. ದೂರುಗಳನ್ನು ಬರೆದು ಡಬ್ಬಿಗೆ ಹಾಕಬೇಕು. ನಮ್ಮ ಸುಮಿತ್ರಾ ಟೀಚರು ಹೇಳುತ್ತಿದ್ದ ಒಂದು ಮಾತಿನ ಮೇಲೆ ನಾನು ಇಡೀ ಬದುಕನ್ನು ಕಟ್ಟಿಕೊಂಡಿದ್ದೇನೆ: “ಅನ್ಯಾಯ ಕಂಡ್ರೆ ಮೊದಲು ಅದಕ್ಕೊಂದು ಹೆಸರು ಕೊಡಿ ಮಕ್ಕಳೇ. ಹೆಸರಿಲ್ಲದ್ದನ್ನ ಯಾರೂ ಸರಿಮಾಡೋಕಾಗಲ್ಲ.” ಮನೆಯಲ್ಲಿ ಅಣ್ಣ ಹತ್ತು ಸಲ ಆಡಿದರೆ ನನಗೆ ಒಂದು ಸಲ, ಅದೂ ಅವನಿಗೆ ಕೈ ನೋವು ಬಂದರೆ. ನಾನು ಇದಕ್ಕೆ ‘ಪಾಳಿಯ ಅನ್ಯಾಯ’ ಎಂದು ಹೆಸರಿಟ್ಟೆ. ನೋಟ್‌ಬುಕ್ಕಿನ ಹಾಳೆ ಹರಿದು, ಗೆರೆ ಎಳೆದು, ಸೋಮವಾರದಿಂದ ಭಾನುವಾರದವರೆಗೆ ಪಾಳಿಯ ಪಟ್ಟಿ ಬರೆದು, ಅನ್ನದ ಅಗುಳಿನಿಂದ ಟಿವಿಯ ಹಿಂದಿನ ಗೋಡೆಗೆ ಅಂಟಿಸಿದೆ. ಇಮಾಮ, ನೂರಿ, ಇಮಾಮ, ನೂರಿ. ನೂರ್‌ಜಹಾನ್ ಎಂಬ ನನ್ನ ಹೆಸರನ್ನು ಮನೆಯಲ್ಲಿ ಯಾರೂ ಪೂರ್ತಿ ಕರೆದವರಲ್ಲ.

ಅಜ್ಜಿ ಪಟ್ಟಿಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ನನ್ ಹೆಸ್ರು ಎಲ್ಲೈತೆ ಇದ್ರಾಗೆ?”

“ನಿನ್ಗ್ಯಾಕಜ್ಜಿ? ನಿಂಗೆ ಕಾರು ಬಿಡಾಕ್ ಬರ್ತದಾ?” ಎಂದ ಅಣ್ಣ.

“ನಿಮ್ಮಜ್ಜನ್ನೇ ಬಿಟ್ಕಂಡ್ ಬಂದೀನಿ ನಲ್ವತ್ ವರ್ಷ. ಇದೇನ್ ಮಹಾ!”

ಅವ್ವ ಕಂಕುಳಲ್ಲಿ ಅರಳೆಯ ಹೊರೆ ಹೊತ್ತು ಹಿತ್ತಲಿಂದ ಬಂದಳು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಅವಳು ತುಟಿ ಅಲ್ಲಾಡಿಸುತ್ತ ಪಟ್ಟಿಯನ್ನು ಪೂರ್ತಿ ಓದಿದಳು.

“ಇಬ್ರುದೇ ಬರ್ದೀಯಲ್ಲೇ,” ಎಂದಳು.

“ಹೌದವ್ವ. ಸಮಪಾಲು!” ಎಂದೆ ನಾನು ಹೆಮ್ಮೆಯಿಂದ.

ಅವಳು “ಚಲೋ ಐತೆ ಬಿಡು” ಎಂದು ಹೊರೆ ಇಳಿಸಿದಳು. ನನ್ನ ಮೊದಲ ಹೋರಾಟದ ಮೊದಲ ದಸ್ತಾವೇಜು ಅದು. ಅದರಲ್ಲಿ ಯಾರ ಹೆಸರು ಇಲ್ಲವೆಂದು ಇಬ್ಬರು ಹೆಂಗಸರು ನನ್ನ ಎದುರಿಗೇ ಹೇಳಿದ್ದರು. ಒಬ್ಬಳು ಹಾಸ್ಯದಲ್ಲಿ, ಒಬ್ಬಳು ಮೆಲುದನಿಯಲ್ಲಿ. ನಾನು ಎರಡನ್ನೂ ಕೇಳಿಸಿಕೊಳ್ಳಲಿಲ್ಲ.

ಆಟ ಮುಗಿದ ಮೇಲೆ ಪರದೆಯ ಮೇಲೆ ಐದು ಸಾಲು ಬರುತ್ತಿತ್ತು: ಯಾರು ಎಷ್ಟು ದೂರ ಹೋದರೆಂಬ ಲೆಕ್ಕ. ಪಕ್ಕದಲ್ಲಿ ಹೆಸರಿಗೆಂದು ಮೂರು ಇಂಗ್ಲಿಷ್ ಅಕ್ಷರಗಳ ಜಾಗ. ಮೊದಲ ಅಕ್ಷರ ‘ಎ’ ಮಿಣುಕುತ್ತ ನಿಂತಿರುತ್ತದೆ. ಗುಂಡಿ ಒತ್ತಿ ಒತ್ತಿ ಬೇಕಾದ ಅಕ್ಷರಕ್ಕೆ ಹೋಗಬೇಕು. ಅಣ್ಣ ‘ಐ ಎಂ ಎ’ ಎಂದು, ನಾನು ‘ಎನ್ ಯು ಆರ್’ ಎಂದು ಬರೆಯುತ್ತಿದ್ದೆವು. ಆದರೆ ಡಬ್ಬಿ ಆರಿಸಿದರೆ ಹೆಸರುಗಳೆಲ್ಲ ಅಳಿದು ಹೋಗುತ್ತಿದ್ದವು. ಅದಕ್ಕಾಗಿ ಅಣ್ಣ ಒಂದು ಕಾನೂನು ಮಾಡಿದ: ಟಿವಿ ಆರಿಸಬಹುದು, ಡಬ್ಬಿಯನ್ನು ಯಾರೂ ಮುಟ್ಟಕೂಡದು. ಕರೆಂಟು ಹೋಗುವವರೆಗೆ ಅದರ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ಗುಡಿಸುವಾಗ ಅವ್ವ ಆ ವೈರನ್ನು ಮಗುವಿನ ಕೈ ಸರಿಸಿದಂತೆ ಸರಿಸುತ್ತಿದ್ದಳು. ನಮ್ಮಲ್ಲಿ ಕರೆಂಟು ದಿನಕ್ಕೆರಡು ಸಲ ಹೋಗುವುದು ಸಾಮಾನ್ಯ. ಒಂದು ವಾರ ಮಾತ್ರ, ಚುನಾವಣೆಯ ಹೊತ್ತಾದ್ದರಿಂದಲೋ ಏನೋ, ಹೋಗಲೇ ಇಲ್ಲ. ಬಡವರ ಮನೆಗೆ ಬೆಳಕು ಬರಲು ಓಟಿನ ದಿನ ಹತ್ತಿರವಾಗಬೇಕೆಂಬ ಅನ್ಯಾಯವನ್ನೂ ಇಲ್ಲೇ ದಾಖಲಿಸಿಬಿಡುತ್ತೇನೆ.

ಆ ವಾರ ಪಟ್ಟಿಯಲ್ಲಿ ನಾವಿಬ್ಬರೇ ಮೇಲೆ ಕೆಳಗೆ ಹತ್ತಿಳಿದೆವು. ಅಣ್ಣ ವೇಗದವನು, ಸೇತುವೆಯ ಲಾರಿಗೆ ಬಡಿಯುತ್ತಿದ್ದ. ನಾನು ಹೆಚ್ಚೆಂದರೆ ಸುರಂಗದ ಬಾಯಿಯವರೆಗೆ. ಗುರುವಾರ ಶಾಲೆಯಿಂದ ಬಂದು ಟಿವಿ ಹಾಕಿದಾಗ ಮೊದಲ ಸಾಲಿನಲ್ಲಿ ನಮ್ಮಿಬ್ಬರದೂ ಅಲ್ಲದ ಹೆಸರಿತ್ತು: ಎ ಎ ಎ. ಅದರ ದೂರ ನಮ್ಮಿಬ್ಬರ ದೂರವನ್ನೂ ಮೀರಿತ್ತು. ಸುರಂಗ ದಾಟಿ ಎಷ್ಟೋ ಮುಂದೆ, ನಾವು ಕಂಡೇ ಇರದ ಜಾಗಕ್ಕೆ ಯಾರೋ ಹೋಗಿ ಬಂದಿದ್ದರು.

“ನೀನೇ ಕಣೇ ಇದು! ಹೆಸ್ರು ಮುಚ್ಚಿಟ್ಟು ಆಡೀಯ! ನನ್ ಪಾಳಿ ಕದ್ದೀಯ!”

“ನಾನ್ಯಾಕ್ ಮುಚ್ಚಿಡ್ಲಿ? ಗೆದ್ದಿದ್ರೆ ದೊಡ್ದಾಗ್ ಬರೀತಿದ್ದೆ. ನೀನೇ ಯಾರ್ನೋ ಕರ್ಕಂಬಂದು ಆಡ್ಸೀಯ!”

ಜಗಳ ಹಿತ್ತಲಿಗೆ ಕೇಳಿತು. ಅಪ್ಪ ಮಶೀನು ನಿಲ್ಲಿಸಿ, ಹುಬ್ಬಿನ ಮೇಲೆಲ್ಲ ಅರಳೆ ಹೊತ್ತು, ಮುದುಕನಂತೆ ಬಂದು ಬಾಗಿಲಲ್ಲಿ ನಿಂತ.

“ಏನ್ಲೇ ಗದ್ಲ?”

“ನೂರಿ ಸುಳ್ ಹೇಳ್ತಾಳಪ್ಪ.”

ಅಪ್ಪ ಏನನ್ನೂ ವಿಚಾರಿಸಲಿಲ್ಲ. “ಒಂದ್ ವಾರ ನೀ ಅದ್ನ ಮುಟ್ಟಂಗಿಲ್ಲ. ಹೆಣ್ಣುಡ್ಗಿ, ಸುಳ್ಳು ಕಲೀಬ್ಯಾಡ” ಎಂದ. ವಿಚಾರಣೆಯಿಲ್ಲದೆ ಶಿಕ್ಷೆ, ಅದೂ ಹೆಣ್ಣೆಂಬ ಕಾರಣಕ್ಕೆ. ನನ್ನ ಎದೆಯೊಳಗೆ ಶುಕ್ರವಾರದ ಸಭೆ ಇಡಿಯಾಗಿ ಎದ್ದು ನಿಂತಿತು. “ನನ್ಗಿಲ್ದಿದ್ರೆ ಯಾರ್ಗೂ ಬ್ಯಾಡ!” ಎಂದು ಕೂಗಿ, ಗೋಡೆಯ ಪ್ಲಗ್ಗನ್ನು ಕಿತ್ತೆ. ಕೆಂಪು ದೀಪ ಆರಿತು. ಅಣ್ಣ ಗೋಳೋ ಎಂದ. ನಾನು ಗೆದ್ದವಳಂತೆ ಪ್ಲಗ್ಗು ಹಿಡಿದು ನಿಂತೆ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಇದ್ದಳು, ಕೈಯಲ್ಲಿ ರೊಟ್ಟಿಯ ಹಿಟ್ಟು. ಅವಳು ನಮ್ಮಿಬ್ಬರನ್ನೂ ನೋಡಲಿಲ್ಲ, ಆರಿದ ದೀಪವನ್ನು ನೋಡಿದಳು.

“ಎಲ್ಲಾ ಹೋಯ್ತಾ?”

“ಎಲ್ಲಾ ಹೋಯ್ತು,” ಎಂದೆ.

“ಮ್ಯಾಲಿಂದೂ?”

“ಎಲ್ಲಾನೂ ಅಂದ್ನಲ್ಲವ್ವ.”

“ಆಯ್ತು ಬಿಡು. ಕೈ ತೊಳ್ಕಂಡು ಉಣ್ಣಾಕ್ ಬರ್ರಿ,” ಎಂದು ಅವಳು ಒಳಗೆ ಹೋದಳು. ಆ ದಿನ ರೊಟ್ಟಿ ಬಡಿಯುವ ಸದ್ದು ತುಸು ಹೊತ್ತು ತಡೆದು ಶುರುವಾಯಿತು.

ಅದಾದ ಎರಡೇ ದಿನಕ್ಕೆ, ಶನಿವಾರ ನಡೆದದ್ದು ಕನಸೋ ಎಂದು ಎಷ್ಟೋ ವರ್ಷ ಅನುಮಾನಿಸಿದ್ದೇನೆ. ಶಾಲೆ ಬೆಳಗ್ಗೆಯೇ ಮುಗಿದಿತ್ತು. ಅಪ್ಪ ಇಮಾಮನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅಂಜನಾಪುರಕ್ಕೆ ಗಾದಿ ಕೊಡಲು ಹೋಗಿದ್ದ. ಬೀದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಅಲ್ಲಾಡುತ್ತಿರಲಿಲ್ಲ. ಮನೆಯ ಹತ್ತಿರ ಬರುವಾಗ ಕಿಟಕಿಯಿಂದ ಅಜ್ಜಿಯ ಪಿಸುದನಿ ಕೇಳಿತು.

“ಎಡಕ್, ಎಡಕ್, ಎಡಕ್ಕೇ ಮಾಬು... ಹ್ಞಾಂ. ಬಿಟ್ಬಿಡು ಅವ್ನ, ಮುಂದ್ ಹೋಗ್ಲಿ. ಅವ್ನಿಗ್ ಅವಸ್ರ ಐತೆ, ನಮ್ಗೇನೈತೆ.”

ಮಾಬು ಎಂದರೆ ನನ್ನ ಅವ್ವ, ಮಾಬೂಬಿ. ನಾನು ಸರಳಿಗೆ ಮುಖವಿಟ್ಟೆ. ಅರ್ಧ ಹೊಲಿದ ಗಾದಿಯ ಮೇಲೆ ಅವ್ವ ಕೂತಿದ್ದಳು, ದಬ್ಬಣ ಸೆರಗಿಗೆ ಚುಚ್ಚಿಕೊಂಡು, ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು. ತಲೆಯ ಮೇಲೆಲ್ಲ ಅರಳೆ. ಸುತ್ತ ನವಿರು ಬಿಸಿಲಿನಲ್ಲಿ ಏಳುತ್ತ ಇಳಿಯುತ್ತ, ಅವಳು ನೀರಿನ ತಳದಲ್ಲಿ ಕೂತಂತೆ ಕಾಣುತ್ತಿದ್ದಳು. ಪಕ್ಕದಲ್ಲಿ ಅಜ್ಜಿ ಕೌದಿ ಹೊದ್ದು, ಮಲಗಿದ್ದಾಳೆಂದು ಯಾರಾದರೂ ನಂಬುವ ಹಾಗೆ ಮಲಗಿ, ಕಣ್ಣು ಮಾತ್ರ ಟಿವಿಯ ಕಡೆ ಇಟ್ಟಿದ್ದಳು. ಅವ್ವ ನಮ್ಮ ಹಾಗೆ ವೇಗ ಮಾಡುತ್ತಿರಲಿಲ್ಲ. ಯಾರನ್ನೂ ಹಿಂದಿಕ್ಕುವ ಹಟವಿರಲಿಲ್ಲ. ಎದುರು ಬಂದವರಿಗೆ ದಾರಿ ಬಿಡುತ್ತ, ಹೊಲಿಗೆ ಹಾಕುವ ಲಯದಲ್ಲೇ ಬೆರಳು ಒತ್ತುತ್ತ, ಪೆಟ್ರೋಲಿನ ಗೆರೆಯನ್ನು ಸಾರಿನಂತೆ ಕಾಪಾಡಿಕೊಂಡು ಹೋಗುತ್ತಿದ್ದಳು. ಸೇತುವೆ ದಾಟಿತು. ಲಾರಿ ಬರುವುದು ಅವಳಿಗೆ ಮೊದಲೇ ಗೊತ್ತಿತ್ತು. ಗುಡ್ಡ ದಾಟಿತು. ಕಾರು ಸುರಂಗದೊಳಗೆ ಹೊಕ್ಕಿತು, ಪರದೆ ಪೂರ್ತಿ ಕಪ್ಪಾಯಿತು, ಮೂವರೂ ಉಸಿರು ಹಿಡಿದೆವು.

ಆಚೆ ಬದಿಯಲ್ಲಿ ಎಲ್ಲವೂ ಬಿಳಿಯಾಗಿತ್ತು. ನೆಲ ಬಿಳಿ, ಮರಗಳ ಮೇಲೆ ಬಿಳಿ ಮುದ್ದೆಗಳು, ಆಕಾಶದಿಂದ ಬಿಳಿ ಚೂರುಗಳು ನಿಧಾನ ಬೀಳುತ್ತಿದ್ದವು. ಅದು ಹಿಮವೆಂದು ಈಗ ಬಲ್ಲೆ. ಅಂದು ಆ ಪಡಸಾಲೆಯಲ್ಲಿ ಹಿಮ ಕಂಡವರು ಯಾರೂ ಇರಲಿಲ್ಲ.

“ಅಗಾ, ಬಂತು ನೋಡು ಅರಳೆ!” ಎಂದಳು ಅಜ್ಜಿ, ಎದ್ದು ಕೂತು. “ಎಷ್ಟ್ ಹಗೂರ ಹಿಂಜ್ಯಾರೆ ನೋಡ್ ಮಾಬು. ಬಿಲ್ಲಿನ್ ಕೆಲ್ಸ ಅದು, ಮಶೀನಿಂದಲ್ಲ.”

“ಹೌದತ್ತಿ. ಒಂದ್ ಗಂಟೂ ಇಲ್ಲ,” ಎಂದಳು ಅವ್ವ.

ಅವಳ ದನಿಯನ್ನು ನಾನು ಅಷ್ಟು ಹಗುರವಾಗಿ ಎಂದೂ ಕೇಳಿರಲಿಲ್ಲ. ಯಾರೂ ಬಡಿಯಬೇಕಿಲ್ಲದ, ತುಂಬಬೇಕಿಲ್ಲದ, ಕೆಮ್ಮು ತಾರದ ಅರಳೆಯ ಊರಿನಲ್ಲಿ ನನ್ನ ಅವ್ವ ಕಾರು ಬಿಟ್ಟುಕೊಂಡು ಹೋಗುತ್ತಿದ್ದಳು. ನಾನು ಇನ್ನಷ್ಟು ನೋಡಲು ಸರಳಿಗೆ ಒತ್ತಿಕೊಂಡೆ; ಮಾವ ಕೊಟ್ಟ ಬಳೆ ಕಬ್ಬಿಣಕ್ಕೆ ತಾಗಿ ಸದ್ದಾಯಿತು. ಅವ್ವ ತಲೆ ತಿರುಗಿಸಿದಳೆಂದು ಹೇಳಲಾರೆ. ಆದರೆ ಅಷ್ಟು ದೂರ ಒಂದಕ್ಕೂ ಬಡಿಯದೆ ಬಂದವಳು, ಆ ಬಯಲಿನಲ್ಲಿ, ಕಣ್ಣಿಗೆ ಕಾಣುವಂತೆ ಬರುತ್ತಿದ್ದ ಒಂದು ಲಾರಿಗೆ ನೆಟ್ಟಗೆ ಹೋಗಿ ಬಡಿದಳು. ಪೆಟ್ರೋಲು ಮುಗಿಯಿತು. ನಾನು ಬಾಗಿಲು ಸುತ್ತಿ ಒಳಗೆ ಬರುವಷ್ಟರಲ್ಲಿ ರಿಮೋಟು ನೆಲದ ಮೇಲಿತ್ತು, ಅವ್ವನ ಕೈಯಲ್ಲಿ ದಬ್ಬಣವಿತ್ತು, ಅಜ್ಜಿ ಗೊರಕೆ ಹೊಡೆಯುತ್ತಿದ್ದಳು.

ಪರದೆಯ ಮೇಲೆ ಮೊದಲ ಸಾಲು ಖಾಲಿಯಿತ್ತು. ಅದರ ಎದುರಿಗೆ ‘ಎ’ ಅಕ್ಷರ ಮಿಣುಕುತ್ತ, ಹೆಸರು ಕೇಳುತ್ತಿತ್ತು.

“ಆಡ್ತೀಯೇನು?” ಎಂದಳು ಅವ್ವ, ಹೊಲಿಗೆಯಿಂದ ಕಣ್ಣೆತ್ತದೆ. “ನಿಮ್ಮಪ್ಪ ಬರಾದು ಹೊತ್ತೈತೆ.” ಹಾಗೆಂದು ಎದ್ದು ನೀರು ಕುಡಿಯಲು ಒಳಗೆ ಹೋದಳು.

ನಾನು ರಿಮೋಟು ಎತ್ತಿಕೊಂಡೆ. ಗುಂಡಿ ಒತ್ತಿದೆ, ಒತ್ತಿದೆ. ಎನ್. ಯು. ಆರ್.

ಆ ಬಗ್ಗೆ ಯಾವ ನೆವವನ್ನೂ ಹೇಳುವುದಿಲ್ಲ. ನನಗೆ ಹನ್ನೊಂದು ವರ್ಷವಾಗಿತ್ತು, ಮಾಡುತ್ತಿರುವುದೇನೆಂದು ಪೂರ್ತಿ ಗೊತ್ತಿತ್ತು. ಸಂಜೆ ಅಣ್ಣ ಬಂದು ಟಿವಿ ಹಾಕಿದಾಗ ಬಾಯಿ ತೆರೆದು ನಿಂತ.

“ಸುಳ್ಳು! ಇವ್ಳು ಸುರಂಗಾನೇ ದಾಟಲ್ಲ!”

“ದಾಟಿದೆ. ಆಕಡೆ ಎಲ್ಲಾ ಬೆಳ್ಳಗೈತೆ. ಅರಳೆ ಬೀಳ್ತತೆ.”

“ಯಾರ್ ನೋಡ್ಯಾರೆ?”

ಅವ್ವ ಗಾದಿಯ ಕೊನೆಯ ಮೂಲೆಗೆ ಬಂದಿದ್ದಳು. ದಾರವನ್ನು ಹಲ್ಲಿನಿಂದ ಕಡಿದು, ಹೇಳಿದಳು:

“ನಾನ್ ನೋಡೀನಿ. ಇಲ್ಲೇ ಕುಂತಿದ್ನಲ್ಲ.”

ಅಪ್ಪ ನನ್ನ ತಲೆ ಸವರಿ, ಶಿಕ್ಷೆಯನ್ನು ಮರೆತು, “ಭಲೇ” ಎಂದ. ಅಜ್ಜಿ ಮಾತ್ರ ಎಲೆ ಅಡಿಕೆಯನ್ನು ಅಗತ್ಯಕ್ಕಿಂತ ಜೋರಾಗಿ ಕುಟ್ಟಿದಳು. ಬಾಗಿಲ ಮೇಲಿನ ಬೋರ್ಡನ್ನು ಬರೆಸಿದವನು ಅಪ್ಪ. ಅದೇ ಬೋರ್ಡನ್ನು ಒಳಗಡೆ, ಪರದೆಯ ಮೇಲೆ, ಎರಡನೆಯ ಸಲ ಬರೆದವಳು ನಾನು. ಇಷ್ಟು ಅನ್ಯಾಯಗಳನ್ನು ಹೆಸರಿಟ್ಟು ಕರೆದ ಮೇಲೆ ಇದೊಂದನ್ನು ಬಿಟ್ಟರೆ ಈ ಅಧ್ಯಾಯ ಸುಳ್ಳಾಗುತ್ತದೆ.

ಸೋಮವಾರ ಕರೆಂಟು ಹೋಗಿ ಆ ಹೆಸರೂ ಅಳಿಯಿತು. ಕೆಲವು ತಿಂಗಳಲ್ಲಿ ಡಬ್ಬಿಯೇ ಕೆಟ್ಟಿತು. ಮಾವ ರಿಪೇರಿಗೆಂದು ಸೊರಬಕ್ಕೆ ಒಯ್ದವನು ತಿರುಗಿ ತರಲಿಲ್ಲ. ನಾವು ಕೇಳಿ ಕೇಳಿ ಸುಮ್ಮನಾದೆವು, ಅವ್ವ ಒಮ್ಮೆಯೂ ಕೇಳಲಿಲ್ಲ. ಪಾಳಿಯ ಪಟ್ಟಿ ಗೋಡೆಯ ಮೇಲೆ ಹಳದಿಯಾಗಿ, ಸುಣ್ಣ ಬಳಿಯುವಾಗ ಅದರಡಿ ಸೇರಿತು. ಕೊನೆಯವರೆಗೂ ಅದರಲ್ಲಿ ಎರಡೇ ಹೆಸರಿದ್ದವು. ಮೂರನೆಯದನ್ನು ಸೇರಿಸಬೇಕೆಂದು ನನಗೆ ಅನ್ನಿಸಿರಲಿಲ್ಲವೆಂದಲ್ಲ. ಸೇರಿಸಿದರೆ ನನ್ನ ಪಾಲು ಕಡಿಮೆಯಾಗುತ್ತಿತ್ತು.

ಈಗ ನನ್ನ ಕೆಲಸವೇ ಹೆಸರುಗಳದು. ಮನೆಯಲ್ಲೇ ದುಡಿಯುವ ಹೆಂಗಸರಿಗೆ ಕಾರ್ಮಿಕರ ಗುರುತುಚೀಟಿ ಸಿಗಬೇಕು, ಉಳುವ ಹೆಂಗಸಿನ ಹೆಸರು ಪಹಣಿಯಲ್ಲಿ ಗಂಡನ ಹೆಸರಿನ ಪಕ್ಕ ಬರಬೇಕು ಎಂದು ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಭೆ ಮಾಡುತ್ತೇನೆ. ಪ್ರತಿ ಸಭೆಯಲ್ಲೂ ಒಂದು ಕತೆ ಹೇಳುತ್ತಿದ್ದೆ. ನನ್ನ ಅವ್ವ ಒಂದು ಆಟದಲ್ಲಿ ಎಲ್ಲರಿಗಿಂತ ಮುಂದೆ ಹೋದಳು, ಆದರೆ ಹೆಸರು ಬರೆಯುವ ಜಾಗದಲ್ಲಿ ಅಕ್ಷರ ಬದಲಾಯಿಸಲೂ ಬಾರದೆ, ಇದ್ದ ‘ಎ’ಯನ್ನೇ ಮೂರು ಸಲ ಒತ್ತಿ ಎದ್ದಳು; ನಮ್ಮ ಹೆಂಗಸರ ಸ್ಥಿತಿ ಇದು, ಗೆದ್ದರೂ ಹೆಸರಿಲ್ಲ ಎಂದು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಕಿಟಕಿಯ ಶನಿವಾರವನ್ನು ಮಾತ್ರ ಯಾವ ಸಭೆಯಲ್ಲೂ ಹೇಳಿದವಳಲ್ಲ. ಕಳೆದ ಮಾಗಿಯ ಚಳಿಯಲ್ಲಿ ಸೊರಬದ ಹತ್ತಿರದ ಹೊಸಬಾಳೆಯ ಸಭೆಗೆ ಅವ್ವನೂ ಬಂದಿದ್ದಳು. ಹಿಂದಿನ ಸಾಲಿನಲ್ಲಿ ಕೂತು, ಪಕ್ಕದವಳ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತನ್ನ ಕತೆಯನ್ನು ತಾನೇ ಕೇಳಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟೇ ಬೇಕೆಂದಳು. ಸಂಜೆಯ ಬೆಳಕು ಬೂದು ಬಣ್ಣಕ್ಕೆ ತಿರುಗುತ್ತಿತ್ತು.

“ನೂರಿ, ನಿನ್ ಕತಿ ತಪ್ಪೈತೆ,” ಎಂದಳು.

“ಎಲ್ಲವ್ವ?”

“ನಂಗೆ ಅಕ್ಷರ ತಿರುವಾಕ್ ಬರ್ತಿತ್ತು. ನೀವ್ ತಿರುವಾದು ದಿನಾ ನೋಡ್ತಿದ್ದೆ. ಮೂರೂ ಒಂದೇ ಇರ್ಲಿ ಅಂತ ನಾನೇ ಬಿಟ್ಟಿದ್ದು. ಗಾದಿ ಮೂಲ್ಯಾಗೆ ಏನ್ ಹಾಕ್ತೀನಿ ನಾನು?”

ನನ್ನ ಕೈ ತಾನಾಗಿ ಸೀಟಿನ ಮೂಲೆಯನ್ನು ಹಿಸುಕಿತು. ಇಪ್ಪತ್ತೈದು ವರ್ಷ ನಾನು ಅನಾಮಿಕತೆಯೆಂದು ಊರೂರು ಸಾರಿದ್ದು ನನ್ನ ಅವ್ವನ ರುಜುವಾಗಿತ್ತು. ಬಾಯಿಂದ ಹೊರಟದ್ದು ಒಂದು ಮಕ್ಕಳ ಪ್ರಶ್ನೆ.

“ಆ ಕಾರು ಯಾವ ಬಣ್ಣದ್ದು ಅನ್ಕಂಡಿದ್ದೆ ನೀನು?”

“ಬಣ್ಣ ಹೆಂಗ್ ಕಾಣ್ತದೆ? ನಾನು ಒಳಗ್ ಕುಂತಿದ್ನಲ್ಲ,” ಎಂದು ನಕ್ಕಳು.

ಒಂದು ಊರು ಹಿಂದೆ ಹೋಯಿತು. ನಾನು ಕೇಳಲೇಬೇಕಿತ್ತು.

“ಅವ್ವ, ಆ ಶನಿವಾರ ನಾನ್ ಕಿಟಕಿ ಹತ್ರ...”

“ನಿನ್ ಬಳೆ ಸಪ್ಳ ಕೇಳ್ತು.”

“ಅದಕ್ಕೇ ಲಾರಿಗೆ ಹೊಡ್ದ್ಯಾ?”

“ಬಿಸ್ಲಾಗೆ ನಿಂತಿದ್ದಿ. ಆಡಾಕ್ ಬಂದಾಳೆ ಅಂದ್ಕಂಡೆ.” ಅವಳು ಕಣ್ಣನ್ನು ರಸ್ತೆಯಿಂದ ತೆಗೆಯಲಿಲ್ಲ. “ಪಾಳಿ ಬಿಟ್ಟೆ ನಿಂಗೆ. ಹೆಸ್ರು ಬಿಟ್ಟಿರ್ಲಿಲ್ಲ. ನೀರ್ ಕುಡ್ದು ಬಂದು ಒತ್ತಾನ ಅಂತಿದ್ದೆ.”

ಬಸ್ಸಿನ ಗಾಜು ಸದ್ದು ಮಾಡುತ್ತಿತ್ತು. ಕ್ಷಮೆ ಕೇಳುವ ಮಾತುಗಳು ನನಗೆ ಬಹಳ ಗೊತ್ತು. ಅಧಿಕಾರಿಗಳಿಂದ, ಗಂಡಂದಿರಿಂದ ಬರೆಸಿಕೊಂಡಿದ್ದೇನೆ. ಅವುಗಳಲ್ಲಿ ಒಂದೂ ಆ ಸೀಟಿಗೆ ಹೊಂದಲಿಲ್ಲ.

“ತಪ್ಪಾತವ್ವ,” ಎಂದೆ.

“ಹ್ಞೂಂ,” ಎಂದಳು. ಇಲ್ಲ ಎನ್ನಲಿಲ್ಲ, ಬಿಡು ಎನ್ನಲಿಲ್ಲ. ಮತ್ತೆ ತಾನೇ ಕೇಳಿದಳು: “ಆಮ್ಯಾಲೆ ನೀನು ಹೋದ್ಯೇನು? ಆ ಅರಳೆ ದಾಟಿ, ಆಕಡೆಗೆ?”

“ಇಲ್ಲವ್ವ. ಸುರಂಗಾನೇ ದಾಟ್ಲಿಲ್ಲ.”

“ನಂಗೊತ್ತು,” ಎಂದಳು ಅವ್ವ.

ಮುಂದೆ ರಸ್ತೆ ಎಡಕ್ಕೆ ತಿರುಗುವುದಿತ್ತು. ಡ್ರೈವರು ಸ್ಟೇರಿಂಗು ಮುಟ್ಟುವ ಮೊದಲೇ, ಮಡಿಲಲ್ಲಿದ್ದ ಅವಳ ಎಡಗೈ ಹೆಬ್ಬೆರಳು ಮೆಲ್ಲಗೆ ಒತ್ತಿತು. ಎದುರಿಗೆ ಒಂದು ಲಾರಿ ಬರುತ್ತಿತ್ತು. ಅವಳು ಅದಕ್ಕೆ ದಾರಿ ಬಿಟ್ಟಳು.